ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರುತ್ತಾರೆ?

"ಅಮ್ಮನನ್ನು ಡಿಮೆನ್ಷಿಯಾ ಕೇಂದ್ರಕ್ಕೆ ಸೇರಿಸಿದರೆ ತಪ್ಪಾಗುತ್ತದೆಯೇ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೆಲವರು ಅಪ್ಪನ ಬಗ್ಗೆ ಕೇಳುತ್ತಾರೆ, ಕೆಲವರು ಅತ್ತೆಯ ಬಗ್ಗೆ, ಇನ್ನು ಕೆಲವರು ಮಕ್ಕಳಿಲ್ಲದ ದೊಡ್ಡಮ್ಮನ ಬಗ್ಗೆ. ಪ್ರಶ್ನೆಯ ಹಿಂದೆ ಅಪರಾಧಿ ಭಾವವಿರುತ್ತದೆ, ನಾಲ್ಕು ಜನ ಏನೆಂದಾರು ಎಂಬ ಅಳುಕೂ ಇರುತ್ತದೆ. ತಪ್ಪೇನಿಲ್ಲ ಎಂದು ಒಂದು ಮಾತಿನಲ್ಲಿ ಸಮಾಧಾನ ಹೇಳಬಹುದು, ನನ್ನ ಅಭಿಪ್ರಾಯವೂ ಅದೇ. ಆದರೆ ಅಷ್ಟಕ್ಕೇ ಮುಗಿಸಿದರೆ ಕೇಳಿದವರಿಗೆ ಅನ್ಯಾಯವಾಗುತ್ತದೆ, ಏಕೆಂದರೆ ಸೇರಿಸಿದ ಮೇಲೆ ಅಲ್ಲಿ ಏನು ನಡೆಯುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಒಳ್ಳೆಯ ಕೇಂದ್ರ ಹಿರಿಯರ ಉಳಿದ ವರ್ಷಗಳನ್ನು ಮನೆಯಲ್ಲಿದ್ದುದಕ್ಕಿಂತ ನೆಮ್ಮದಿಯಾಗಿ ಕಳೆಯುವಂತೆ ಮಾಡಬಲ್ಲದು. ಕೆಟ್ಟ ಕೇಂದ್ರದ ಆರೈಕೆ, ಮನೆಯಲ್ಲಿ ನಿದ್ದೆಗೆಟ್ಟ ಸೊಸೆ ಮಾಡುತ್ತಿದ್ದ ಆರೈಕೆಯ ಹತ್ತಿರಕ್ಕೂ ಬಾರದಿರಬಹುದು. ಈ ವ್ಯತ್ಯಾಸ ಕಟ್ಟಡ ನೋಡಿದರೆ ತಿಳಿಯುವುದಿಲ್ಲ. ಅದನ್ನು ಹುಡುಕಬೇಕಾದದ್ದು ಆರೈಕೆ ಮಾಡುವವರ ಸಂಖ್ಯೆಯಲ್ಲಿ, ಅವರಿಗೆ ಸಿಗುವ ಸಮಯದಲ್ಲಿ, ಅವರು ಪಡೆದ ತರಬೇತಿಯಲ್ಲಿ. ಸೇರಿಸುವವರೂ ಸರ್ಕಾರವೂ ಮೊದಲು ಈ ಮೂರನ್ನು ವಿಚಾರಿಸಬೇಕು ಎಂಬುದೇ ನನ್ನ ವಾದ.

ಅರವತ್ತಕ್ಕೆ ಅರಳುಮರಳು ಎಂದು ಹೇಳಿಕೊಂಡೇ ನಾವು ಈ ಕಾಯಿಲೆಯನ್ನು ಬಹುಕಾಲ ಕಾಯಿಲೆಯೆಂದು ಒಪ್ಪಲಿಲ್ಲ. ದೇಶದ ಹಿರಿಯರ ಆರೋಗ್ಯವನ್ನು ಅಳೆದ ಲಾಸಿ ಸಮೀಕ್ಷೆಯ ಭಾಗವಾಗಿ ನಡೆದ ಡಿಮೆನ್ಷಿಯಾ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. 2010ರಲ್ಲಿ ಭಾರತೀಯ ಅಲ್ಜೈಮರ್ಸ್ ಸಂಘ ಹೊರತಂದ ವರದಿ 37 ಲಕ್ಷ ಎಂದಿತ್ತು. ಎರಡೂ ಲೆಕ್ಕಗಳ ವಿಧಾನ ಬೇರೆ, ಹಾಗಾಗಿ ಹದಿಮೂರು ವರ್ಷಗಳಲ್ಲಿ ಕಾಯಿಲೆ ದುಪ್ಪಟ್ಟಾಯಿತು ಎಂದು ಅರ್ಥ ಮಾಡಬಾರದು. ನಾವು ಎಣಿಸಿಕೊಂಡದ್ದಕ್ಕಿಂತ ಬಹಳ ಹೆಚ್ಚು ಮನೆಗಳಲ್ಲಿ ಇದು ಇದೆ ಎಂದಷ್ಟೇ ತಿಳಿದರೆ ಸಾಕು. ಹೆಸರು, ದಿನಾಂಕ ಮರೆಯುವುದು ಇದರ ಆರಂಭ ಮಾತ್ರ. ಬರಬರುತ್ತಾ ಹಗಲು ರಾತ್ರಿಗಳ ಅಳತೆ ತಪ್ಪುತ್ತದೆ, ಅಂಗಿ ಹೇಗೆ ತೊಡಬೇಕೆಂಬುದು ಕೈಗೆ ಮರೆತುಹೋಗುತ್ತದೆ, ಮಗಳು ಅಕ್ಕನಂತೆ ಕಾಣುತ್ತಾಳೆ, ಕೊನೆಯ ಹಂತದಲ್ಲಿ ನುಂಗುವುದೂ ಕಷ್ಟವಾಗುತ್ತದೆ. ರೋಗ ಪತ್ತೆಯಾದ ಮೇಲೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವರ್ಷ, ಕೆಲವರು ಅದಕ್ಕೂ ಬಹಳ ಹೆಚ್ಚು ಕಾಲ ಬದುಕುತ್ತಾರೆ. ಸಂಬಂಧಿಕರು ನಾಲ್ಕು ದಿನ ಬಂದು ನೆರವಾಗಿ ಹೋದರೆ ತೀರುವ ಹೊರೆ ಇದಲ್ಲ.

ಹೊರೆಯ ಲೆಕ್ಕ ಹಾಕುವುದು ಕಷ್ಟವೇನಲ್ಲ, ಆದರೂ ಹಾಕುವವರು ಕಡಿಮೆ. ವಾರಕ್ಕೆ 168 ಗಂಟೆ. ಕಾಯಿಲೆ ನಡುವಿನ ಹಂತ ದಾಟಿದ ಮೇಲೆ ಈ ಅಷ್ಟೂ ಹೊತ್ತು ಯಾರಾದರೊಬ್ಬರು ಕಣ್ಣಳತೆಯಲ್ಲಿ ಇರಲೇಬೇಕು, ಏಕೆಂದರೆ ಹಿರಿಯರು ಗ್ಯಾಸ್ ಹಚ್ಚಿ ಮರೆಯಬಹುದು, ಬಚ್ಚಲಲ್ಲಿ ಜಾರಬಹುದು, ನಡುರಾತ್ರಿ ಚಿಲಕ ತೆಗೆದು ಬೀದಿಗಿಳಿಯಬಹುದು. 1948ರ ಕಾರ್ಖಾನೆ ಕಾಯ್ದೆ ಒಬ್ಬ ಕೆಲಸಗಾರನಿಂದ ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಬಾರದು ಎಂದಿತು. 168ನ್ನು 48ರಿಂದ ಭಾಗಿಸಿದರೆ ಮೂರೂವರೆ ಬರುತ್ತದೆ. ಅಂದರೆ ಒಬ್ಬ ಹಿರಿಯರನ್ನು ಸದಾ ನೋಡಿಕೊಳ್ಳಲು ಮೂರೂವರೆ ಜನರ ದುಡಿಮೆ ಬೇಕು, ಅದೂ ಯಾರೂ ರಜೆ ಹಾಕದಿದ್ದರೆ. ನಮ್ಮ ಬಹಳಷ್ಟು ಮನೆಗಳಲ್ಲಿ ಇಷ್ಟನ್ನೂ ಒಬ್ಬರೇ ಮಾಡುತ್ತಿದ್ದಾರೆ. ಆ ಒಬ್ಬರು ಸಾಮಾನ್ಯವಾಗಿ ಹೆಂಡತಿ, ಸೊಸೆ ಅಥವಾ ಮದುವೆಯಾಗದೆ ಉಳಿದ ಮಗಳು. ಅಡುಗೆ, ಮಕ್ಕಳ ಶಾಲೆ, ಕೆಲವೊಮ್ಮೆ ಹೊರಗಿನ ನೌಕರಿ ಇದರ ಮೇಲಿನ ಹೊರೆ. ಹೋಮ್ ನರ್ಸ್ ಇಟ್ಟುಕೊಂಡವರಲ್ಲಿಯೂ ರಾತ್ರಿಯ ಜವಾಬ್ದಾರಿ ಅನೇಕ ಸಲ ಮನೆಯವರ ತಲೆಗೇ ಬರುತ್ತದೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ತಂದೆ ತಾಯಿಯನ್ನು ಮನೆಯಲ್ಲೇ ನೋಡಿಕೊಳ್ಳುವುದು ನಮ್ಮ ಸಂಸ್ಕೃತಿ, ಕೇಂದ್ರಗಳೆಲ್ಲ ಪರದೇಶದವರ ಪದ್ಧತಿ ಎನ್ನುತ್ತಾರೆ. ಈ ಮಾತಿನಲ್ಲಿರುವ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಹತ್ತು ಹನ್ನೆರಡು ಜನರಿದ್ದ ಮನೆಯಲ್ಲಿ ಆ ಮೂರೂವರೆ ಜನರ ದುಡಿಮೆ ಯಾರಿಗೂ ಎದ್ದು ಕಾಣದಂತೆ ಹಂಚಿಹೋಗುತ್ತಿತ್ತು. ಜಗುಲಿಯಲ್ಲಿ ಕೂತ ಅಜ್ಜ ಎದ್ದು ಹೊರಟರೆ ಓಣಿಯವರೇ ಕೈಹಿಡಿದು ಕರೆತರುತ್ತಿದ್ದರು. ಇಂದು ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವಲ್ಲಿ, ಸಂಸ್ಕೃತಿಯ ಹೆಸರು ಹೇಳಿದ ಮಾತ್ರಕ್ಕೆ ಆ ಕೈಗಳು ಹುಟ್ಟಿಕೊಳ್ಳುವುದಿಲ್ಲ. ಮನೆಯಲ್ಲೇ ಇರಲಿ ಎಂದು ನಿರ್ಧರಿಸುವವರು ಎಷ್ಟೋ ಬಾರಿ ರಾತ್ರಿ ಎದ್ದು ಬಟ್ಟೆ ಬದಲಿಸುವವರಲ್ಲ ಎಂಬುದನ್ನೂ ಹೇಳಬೇಕು. ಹಬ್ಬಕ್ಕೆ ಬಂದು ಅಭಿಪ್ರಾಯ ಕೊಟ್ಟು ಹೋಗುವ ಅಣ್ಣತಮ್ಮಂದಿರು ವಾರದ 168 ಗಂಟೆಯಲ್ಲಿ ತಮ್ಮ ಪಾಲು ಎಷ್ಟೆಂದು ಮೊದಲು ಹೇಳಲಿ. ಕನ್ನಡ ಚಿತ್ರರಂಗ ಈ ವಿಷಯವನ್ನು ಒಮ್ಮೆ ಬಹಳ ಘನತೆಯಿಂದ ನೋಡಿದೆ. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಅನಂತನಾಗ್ ಅವರ ವೆಂಕೋಬರಾವ್ ಆರೈಕೆ ಕೇಂದ್ರದಲ್ಲಿ ಇರುವವರು. ಅವರು ಕಾಣೆಯಾಗುವುದು ಮಗ ಅವರನ್ನು ಹೊರಗೆ ಕರೆದುಕೊಂಡು ಹೋದ ದಿನ. ರಕ್ತಸಂಬಂಧ ಇದ್ದರೆ ಸಾಕು, ಸುರಕ್ಷತೆ ತಾನಾಗಿ ಬರುತ್ತದೆ ಎಂಬ ಭರವಸೆ ಎಷ್ಟು ದುರ್ಬಲ ಎಂದು ಆ ಕತೆ ತೋರಿಸುತ್ತದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಜಾಗ ಬದಲಾದರೆ ಡಿಮೆನ್ಷಿಯಾ ಇರುವವರ ಗೊಂದಲ ಹೆಚ್ಚುತ್ತದೆ, ಅಲ್ಲವೇ? ಹೌದು, ಹೆಚ್ಚುತ್ತದೆ. ಮೊದಲ ಕೆಲವು ವಾರ ಊಟ, ನಿದ್ದೆ ಎರಡೂ ಕೆಡುವುದು ಸಾಮಾನ್ಯ. ಸೇರಿಸಿದ ಮನೆಯವರ ಸಂಕಟವೂ ಅಲ್ಲಿಗೆ ಮುಗಿಯುವುದಿಲ್ಲ. 2004ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ರಿಚರ್ಡ್ ಶುಲ್ಜ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಯನ್ನು ಕೇಂದ್ರಕ್ಕೆ ಸೇರಿಸಿದ ಮೇಲೂ ಆರೈಕೆದಾರರ ಖಿನ್ನತೆ, ಆತಂಕ ಇಳಿಯಲಿಲ್ಲ. ಗಂಡ ಅಥವಾ ಹೆಂಡತಿಯನ್ನು ಸೇರಿಸಿದವರ ಸ್ಥಿತಿ ಇನ್ನೂ ಕಠಿಣವಾಗಿತ್ತು. ಆದ್ದರಿಂದ ಕೇಂದ್ರವೇ ಮೊದಲ ಮದ್ದು ಎಂದು ನಾನು ಹೇಳಲಾರೆ. ಮನೆಯವರಿಗೆ ಸರಿಯಾದ ಬೆಂಬಲ ಸಿಕ್ಕರೆ ಸೇರಿಸುವ ದಿನವನ್ನು ಬಹಳ ಮುಂದೂಡಬಹುದು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮೇರಿ ಮಿಟಲ್‌ಮನ್ ಅವರ ತಂಡ, ಸಂಗಾತಿಯನ್ನು ನೋಡಿಕೊಳ್ಳುತ್ತಿದ್ದ 406 ಜನರನ್ನು ಅಧ್ಯಯನ ಮಾಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಆಪ್ತಸಮಾಲೋಚನೆ, ಕುಟುಂಬದವರೆಲ್ಲ ಕೂತು ಮಾತಾಡುವ ಸಭೆ, ಬೇಕೆಂದಾಗ ಫೋನಿನಲ್ಲಿ ಸಲಹೆ ಇವಿಷ್ಟು ಸಿಕ್ಕವರು ಸಿಗದವರಿಗಿಂತ ಸುಮಾರು 557 ದಿನ ಹೆಚ್ಚು ಕಾಲ ತಮ್ಮವರನ್ನು ಮನೆಯಲ್ಲೇ ಇಟ್ಟುಕೊಂಡಿದ್ದರು. ಒಂದೂವರೆ ವರ್ಷ ಸಣ್ಣದಲ್ಲ. ಆದರೆ ಇದೇ ಅಧ್ಯಯನ, ದಿನ ಮುಂದಕ್ಕೆ ಹೋದೀತು, ಎಲ್ಲರ ಪಾಲಿಗೂ ತಪ್ಪದು ಎಂದೂ ತಿಳಿಸುತ್ತದೆ. ನನ್ನ ಸಲಹೆ ಏನೆಂದರೆ, ಆ ದಿನ ಬರುವ ಮುನ್ನವೇ ಕೇಂದ್ರಗಳನ್ನು ನೋಡಿಟ್ಟುಕೊಳ್ಳಿ. ಕಾಲು ಮುರಿದು ಆಸ್ಪತ್ರೆಯಿಂದ ಬಿಡುಗಡೆಯಾದ ಸಂಜೆ, ಎಲ್ಲಿ ಹಾಸಿಗೆ ಖಾಲಿಯಿದೆಯೋ ಅಲ್ಲಿಗೆ ಸೇರಿಸುವುದು ಇರುವ ದಾರಿಗಳಲ್ಲಿ ಅತಿ ಕೆಟ್ಟದ್ದು.

ಒಳ್ಳೆಯ ಆರೈಕೆ ಎಂದರೇನು ಎಂಬುದನ್ನು ಸ್ನಾನದ ಹೊತ್ತಿನಲ್ಲಿ ನೋಡಬೇಕು. ಡಿಮೆನ್ಷಿಯಾ ಇರುವವರಲ್ಲಿ ಕೂಗಾಟ, ಹೊಡೆದಾಟ ಹೆಚ್ಚು ಕಾಣುವುದು ಆಗಲೇ. ಅವರ ಕಡೆಯಿಂದ ಯೋಚಿಸಿ. ಯಾರೋ ಗುರುತಿಲ್ಲದವರು ಬಂದು ಸೀರೆ ಬಿಚ್ಚುತ್ತಿದ್ದಾರೆ, ನೆತ್ತಿಯ ಮೇಲೆ ಎಲ್ಲಿಂದಲೋ ನೀರು ಸುರಿಯುತ್ತಿದೆ, ಬಿಳಿ ಟೈಲ್ಸಿನ ನೆಲ ಎಲ್ಲಿ ಮುಗಿಯುತ್ತದೆಂದು ಕಣ್ಣಿಗೆ ತಿಳಿಯುತ್ತಿಲ್ಲ. ಕೈ ಬೀಸದೆ ಏನು ಮಾಡಿಯಾರು? ತರಬೇತಿ ಇರುವವರು ಶವರ್ ಮುಟ್ಟುವುದಿಲ್ಲ. ಇಡೀ ಆಯಸ್ಸು ಬಕೆಟ್ಟು ಚೊಂಬಿನಲ್ಲಿ ಮಿಂದವರಿಗೆ ಬಕೆಟ್ಟು ಚೊಂಬನ್ನೇ ಇಡುತ್ತಾರೆ. ಸ್ಟೂಲಿನ ಮೇಲೆ ಕೂರಿಸಿ, ಹೆಗಲಿಗೂ ತೊಡೆಗೂ ಟವೆಲ್ ಹೊದಿಸಿ, ಮೊದಲು ಪಾದಕ್ಕೆ ಬೆಚ್ಚನೆ ನೀರು ಹಾಕಿ, ಚೊಂಬನ್ನು ಅವರ ಕೈಗೇ ಕೊಟ್ಟು, ಮುಂದೆ ಏನು ಮಾಡುತ್ತೇವೆಂದು ಹೇಳಿಕೊಂಡೇ ಒಂದೊಂದು ಭಾಗವನ್ನು ತೊಳೆದು ಮತ್ತೆ ಮುಚ್ಚುತ್ತಾರೆ. ತಲೆಗೆ ನೀರು ಕೊನೆಗೆ, ಒಪ್ಪದಿದ್ದರೆ ನಾಳೆಗೆ. ಇದು ಬರಿಯ ಸೌಜನ್ಯದ ಮಾತಲ್ಲ. ಅಮೆರಿಕದ ಫಿಲಿಪ್ ಸ್ಲೋನ್ ಮತ್ತು ಸಂಗಡಿಗರು 15 ನರ್ಸಿಂಗ್ ಹೋಮ್‌ಗಳಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೀಗೆ ಆಯಾ ವ್ಯಕ್ತಿಗೆ ಹೊಂದಿಸಿದ ಸ್ನಾನದಿಂದ ಆಕ್ರಮಣದ ಪ್ರಸಂಗಗಳು ಅರ್ಧಕ್ಕಿಂತ ಹೆಚ್ಚು ಇಳಿದವು. ಬೇಕಾದದ್ದು ತರಬೇತಿ ಮತ್ತು ಅವಸರವಿಲ್ಲದ ಕೈಗಳು. ಬೆಳಗ್ಗೆ ಎಂಟರೊಳಗೆ ಹತ್ತು ಜನರಿಗೆ ಸ್ನಾನ ಮುಗಿಸಬೇಕಾದ ಒಬ್ಬ ಆಯಾ ಎಷ್ಟೇ ಒಳ್ಳೆಯವಳಾದರೂ ಹೀಗೆ ಮಾಡಲಾರಳು.

ಸಂಜೆಯ ಹೊತ್ತೂ ಇಂಥದೇ. ಬೆಳಕು ಇಳಿಯುತ್ತಿದ್ದಂತೆ ಹಲವರಿಗೆ ತಳಮಳ ಏಳುತ್ತದೆ. "ಮನೆಗೆ ಹೋಗಬೇಕು, ಮಕ್ಕಳು ಕಾಯ್ತಿರ್ತಾರೆ" ಎಂದು ಬಾಗಿಲ ಬಳಿ ನಿಲ್ಲುತ್ತಾರೆ. ಮನೆಯಲ್ಲಿದ್ದಾಗಲೂ ಹೀಗೆ ಕೇಳುವವರಿದ್ದಾರೆ ಎಂಬುದು ಗಮನಿಸಬೇಕಾದ ಸಂಗತಿ. ಇದೇ ನಿಮ್ಮ ಮನೆ ಎಂದು ವಾದಿಸಿದರೆ ಜಗಳ ಹೆಚ್ಚುತ್ತದೆ. ಜತೆಗೆ ನಾಲ್ಕು ಹೆಜ್ಜೆ ನಡೆದು, ಮಕ್ಕಳ ಬಗ್ಗೆ ಕೇಳಿ, ಕಾಫಿ ಕುಡಿದು ಹೋಗೋಣ ಎಂದರೆ ಎಷ್ಟೋ ಸಲ ತಳಮಳ ಇಳಿಯುತ್ತದೆ. ಇದಕ್ಕೆ ಇಪ್ಪತ್ತು ನಿಮಿಷ ಹಿಡಿಯಬಹುದು. ಆ ಇಪ್ಪತ್ತು ನಿಮಿಷ ಯಾರ ಬಳಿಯೂ ಇಲ್ಲದ ಕೇಂದ್ರದಲ್ಲಿ ಮಾತ್ರೆ ಬರುತ್ತದೆ. ಡಿಮೆನ್ಷಿಯಾ ಇರುವ ಹಿರಿಯರಿಗೆ ಮನೋವಿಕಾರಕ್ಕೆ ಕೊಡುವ ಆ್ಯಂಟಿಸೈಕೋಟಿಕ್ ಔಷಧ ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹೊರಡಿಸಿತು. 2009ರಲ್ಲಿ ಬ್ರಿಟನ್ನಿನ ಸುಬೆ ಬ್ಯಾನರ್ಜಿ ಸರ್ಕಾರಕ್ಕೆ ಕೊಟ್ಟ ವರದಿಯ ಅಂದಾಜಿನಂತೆ, ಅಲ್ಲಿ ವರ್ಷಕ್ಕೆ ಈ ಔಷಧ ಪಡೆಯುತ್ತಿದ್ದ 1,80,000 ರೋಗಿಗಳಲ್ಲಿ ಪ್ರಯೋಜನ ಆಗುತ್ತಿದ್ದುದು 36,000 ಜನರಿಗೆ, ಔಷಧದಿಂದಾಗುವ ಹೆಚ್ಚುವರಿ ಸಾವು 1,800. ಕೆಲವರಿಗೆ ಕೆಲವು ಕಾಲ ಇಂಥ ಔಷಧ ಬೇಕಾಗುತ್ತದೆ, ಅದನ್ನು ತೀರ್ಮಾನಿಸಬೇಕಾದವರು ತಜ್ಞರು. ಆದರೆ ಗಲಾಟೆಗೆ ಕಾರಣ ಹುಡುಕದೆ ನಿದ್ದೆ ಬರಿಸುವುದು ಚಿಕಿತ್ಸೆಯಲ್ಲ. ಮಂಡಿನೋವು, ಮಲಬದ್ಧತೆ, ಮೂತ್ರದ ಸೋಂಕು, ಹುಳುಕು ಹಲ್ಲು ಇವನ್ನೆಲ್ಲ ಬಾಯಿಬಿಟ್ಟು ಹೇಳಲಾರದವರು ಕೂಗಿಯೇ ಹೇಳುತ್ತಾರೆ. ನಾರ್ವೆಯ 18 ನರ್ಸಿಂಗ್ ಹೋಮ್‌ಗಳ 352 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ಯಾರಾಸಿಟಮಾಲ್‌ನಿಂದ ಶುರುಮಾಡಿ ನೋವಿಗೆ ಕ್ರಮವಾಗಿ ಚಿಕಿತ್ಸೆ ಕೊಟ್ಟದ್ದರಿಂದ ಎಂಟು ವಾರದಲ್ಲಿ ಗಲಾಟೆ ಶೇ 17ರಷ್ಟು ತಗ್ಗಿತು.

ಬಾಗಿಲಿಗೆ ಬೀಗ ಹಾಕುವ ಜಾಗ ಜೈಲಲ್ಲವೇ ಎಂದೂ ಕೇಳುತ್ತಾರೆ. ದಾರಿ ತಪ್ಪಿ ಹೆದ್ದಾರಿಗೆ ನಡೆಯಬಲ್ಲವರಿಗೆ ಹೊರಬಾಗಿಲು ಭದ್ರವಿರಲೇಬೇಕು. ಒಳಗೆ ಎಷ್ಟು ಓಡಾಡಬಹುದು ಎಂಬುದರ ಮೇಲೆ ಆ ಜಾಗ ಎಂಥದೆಂದು ಹೇಳಬಹುದು. ನೆದರ್ಲೆಂಡ್ಸಿನ ವೇಸ್ಪ್ ಊರಿನಲ್ಲಿ 2009ರಲ್ಲಿ ತೆರೆದ ಹೋಗೆವೇಕ್‌ಗೆ ಹೊರದ್ವಾರ ಒಂದೇ. ಒಳಗೆ ಆರೇಳು ಜನರ ಪುಟ್ಟ ಮನೆಗಳು, ಬೀದಿ, ತೋಟ, ಅಂಗಡಿ, ಕಾಫಿ ಹೋಟೆಲು ಎಲ್ಲ ಇವೆ. ಜಪಾನಿನಲ್ಲಿ ಹೆಚ್ಚೆಂದರೆ ಒಂಬತ್ತು ಜನರ ಗುಂಪುಮನೆಗಳಲ್ಲಿ ಹಿರಿಯರೂ ತರಕಾರಿ ಹೆಚ್ಚಿ ಬಟ್ಟೆ ಮಡಿಸಿ ಅಡುಗೆಯವರಿಗೆ ನೆರವಾಗುತ್ತಾರೆ. ನಮಗೆ ಹೋಗೆವೇಕ್ ಕಟ್ಟುವ ದುಡ್ಡಿಲ್ಲದಿರಬಹುದು. ಸುತ್ತು ಹಾಕಿ ಬಂದಲ್ಲಿಗೇ ಬರುವ ಒಂದು ಅಂಗಳ, ಬಿಡಿಸಲು ಒಂದು ಬುಟ್ಟಿ ಅವರೆಕಾಯಿ, ಕಟ್ಟಲು ಹೂವು ಯಾವ ಕೇಂದ್ರಕ್ಕೂ ದುಬಾರಿಯಲ್ಲ. ಕುರ್ಚಿಗೆ ಕಟ್ಟಿಹಾಕುವುದು, ಕೋಣೆಯಲ್ಲಿ ಒಬ್ಬರನ್ನೇ ಕೂಡಿಹಾಕುವುದು ಮಾತ್ರ ಬೇರೆಯೇ ವಿಷಯ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯಲ್ಲಿ ನೆನಪಿನ ತೀವ್ರ ಏರುಪೇರನ್ನೂ ಸೇರಿಸಿದೆ. ಹಾಗಾಗಿ ಅದರ ರಕ್ಷಣೆ ಇವರಿಗೂ ಸಲ್ಲಬೇಕು ಎಂಬುದು ನನ್ನ ಓದು. ಅದರ 95ನೇ ಸೆಕ್ಷನ್ ಸರಪಳಿ ಹಾಕುವುದನ್ನು ನಿಷೇಧಿಸುತ್ತದೆ. 97ನೇ ಸೆಕ್ಷನ್ ಒಂಟಿಯಾಗಿ ಕೂಡಿಹಾಕುವುದನ್ನು ನಿಷೇಧಿಸಿ, ತಕ್ಷಣದ ಹಾನಿ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರು ಅನುಮತಿಸಿದರೆ ಮಾತ್ರ ದೈಹಿಕ ನಿರ್ಬಂಧಕ್ಕೆ ಅವಕಾಶ ಕೊಡುತ್ತದೆ.

ಹಾಗಾದರೆ ಕೇಂದ್ರ ನೋಡಲು ಹೋದಾಗ ಏನು ಕೇಳಬೇಕು? ಗ್ರಾನೈಟ್ ನೆಲ, ಟಿವಿ, ದೇವರ ಮನೆ ಇವನ್ನು ಅವರೇ ತೋರಿಸುತ್ತಾರೆ. ನೀವು ಕೇಳಬೇಕಾದದ್ದು ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಎಷ್ಟು ಜನ ಎಚ್ಚರವಿರುತ್ತಾರೆ, ಅವರಲ್ಲಿ ನರ್ಸ್ ಎಷ್ಟು ಎಂದು. ಕಳೆದ ವರ್ಷ ಕೆಲಸ ಬಿಟ್ಟವರು ಎಷ್ಟು ಮಂದಿ ಎಂದೂ ಕೇಳಿ, ಏಕೆಂದರೆ ತಿಂಗಳಿಗೊಂದು ಹೊಸ ಮುಖ ಬಂದರೆ ಹಿರಿಯರಿಗೆ ಯಾರೂ ಪರಿಚಿತರಾಗಿ ಉಳಿಯುವುದಿಲ್ಲ. ಯಾವ ಯಾವ ಔಷಧ ಕೊಡುತ್ತಾರೆ, ಹೊಸದು ಸೇರಿಸುವ ಮುನ್ನ ಮನೆಯವರಿಗೆ ತಿಳಿಸುತ್ತಾರೆಯೇ, ಬಿದ್ದ ಪ್ರಸಂಗಗಳನ್ನು ಪುಸ್ತಕದಲ್ಲಿ ಬರೆದಿಡುತ್ತಾರೆಯೇ, ಮುಂಚಿತವಾಗಿ ಹೇಳದೆ ಸಂಜೆ ಐದಕ್ಕೆ ಬರಬಹುದೇ? ಕೊನೆಯ ಪ್ರಶ್ನೆಗೆ ಹೌದು ಎನ್ನದ ಕೇಂದ್ರವನ್ನು ನಾನು ಪಟ್ಟಿಯಿಂದ ತೆಗೆಯುತ್ತೇನೆ. ಭಾಷೆಯ ವಿಚಾರವನ್ನು ಬಹಳ ಮಂದಿ ಮರೆಯುತ್ತಾರೆ. ಕಾಯಿಲೆ ಮುಂದುವರಿದಂತೆ ನಂತರ ಕಲಿತ ನುಡಿಗಳು ಜಾರಿ, ಬಾಲ್ಯದ ನುಡಿಯೇ ಉಳಿಯುವುದು ಹಲವರಲ್ಲಿ ಕಾಣುತ್ತದೆ. ಬ್ಯಾಂಕಿನಲ್ಲಿ ನಲವತ್ತು ವರ್ಷ ಇಂಗ್ಲಿಷಿನಲ್ಲಿ ವ್ಯವಹರಿಸಿದವರು ಕೊನೆಗೆ ತುಳುವಿನಲ್ಲೋ ಕೊಂಕಣಿಯಲ್ಲೋ ನೀರು ಕೇಳಬಹುದು. ಅದನ್ನು ಅರ್ಥ ಮಾಡಿಕೊಳ್ಳುವ ಒಬ್ಬರಾದರೂ ಆ ಪಾಳಿಯಲ್ಲಿ ಇರಬೇಕು, ಇಲ್ಲವೇ ಮನೆಯವರು ಬರೆದುಕೊಟ್ಟ ಇಪ್ಪತ್ತು ಮೂವತ್ತು ಪದಗಳ ಹಾಳೆ ಗೋಡೆಯ ಮೇಲಿರಬೇಕು. ಅದರ ಜತೆಗೆ ಹುಟ್ಟೂರು, ಕಸುಬು, ಏನು ಉಣ್ಣುತ್ತಿದ್ದರು, ಯಾವುದಕ್ಕೆ ಹೆದರುತ್ತಿದ್ದರು, ಯಾವ ಹೆಸರಿನಿಂದ ಕರೆದರೆ ತಿರುಗಿ ನೋಡುತ್ತಾರೆ ಎಂಬುದನ್ನೂ ಬರೆದುಕೊಡಿ. ಸೇರಿಸಿದ ಮೇಲೆ ಹೋಗುತ್ತಲೇ ಇರಿ, ನಿಮ್ಮ ಗುರುತು ಸಿಗದಿದ್ದರೂ ಹೋಗಿ. ಬ್ರಿಟನ್ನಿನ 69 ನರ್ಸಿಂಗ್ ಹೋಮ್‌ಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಿಬ್ಬಂದಿಗೆ ವ್ಯಕ್ತಿಕೇಂದ್ರಿತ ಆರೈಕೆಯ ತರಬೇತಿ ಕೊಟ್ಟು, ಅದರೊಂದಿಗೆ ವಾರಕ್ಕೆ ಒಂದು ಗಂಟೆಯಷ್ಟು ಆಪ್ತ ಒಡನಾಟ ಸಿಗುವಂತೆ ಮಾಡಿದಾಗ ಹಿರಿಯರ ಬದುಕಿನ ಗುಣಮಟ್ಟ ಸುಧಾರಿಸಿತು. ಒಂದು ಗಂಟೆಗೇ ಅಷ್ಟು ಬೆಲೆಯಿದೆ.

ಉಳಿದದ್ದು ಖರ್ಚು. ಈ ಆಕ್ಷೇಪಕ್ಕೆ ನನ್ನಲ್ಲಿ ಸಲೀಸಾದ ಉತ್ತರವಿಲ್ಲ. ಇಪ್ಪತ್ತು ಜನರಿರುವ ಕೇಂದ್ರದಲ್ಲಿ ಐವರಿಗೊಬ್ಬರಂತೆ ಸದಾ ನಾಲ್ವರು ಕೆಲಸದ ಮೇಲಿರಬೇಕಾದರೆ, ಮೇಲಿನ ಲೆಕ್ಕದಂತೆ ಹದಿನಾಲ್ಕು ಜನ ಬೇಕು. ಅಡುಗೆಯವರು, ನರ್ಸ್, ಸ್ವಚ್ಛತೆಯವರು ಬೇರೆ. ನ್ಯಾಯವಾದ ಸಂಬಳ ಕೊಟ್ಟು ಇದನ್ನು ನಡೆಸಿದರೆ ತಿಂಗಳ ಶುಲ್ಕ ಹತ್ತಾರು ಸಾವಿರ ಆಗಿಯೇ ಆಗುತ್ತದೆ. ತೀರಾ ಅಗ್ಗಕ್ಕೆ ಸಿಗುವ ಕಡೆ ಕಡಿತವಾಗಿರುವುದು ಜನರ ಸಂಖ್ಯೆಯಲ್ಲೇ ಇರಬಹುದೆಂದು ಎಚ್ಚರ ವಹಿಸಬೇಕು. ಆಯುಷ್ಮಾನ್ ಭಾರತ್ ಯೋಜನೆ 2024ರಿಂದ 70 ದಾಟಿದವರೆಲ್ಲರಿಗೂ ವಿಸ್ತರಿಸಿದೆ, ಆದರೆ ಅದು ಆಸ್ಪತ್ರೆಯ ಚಿಕಿತ್ಸೆಗೆ, ವರ್ಷಗಟ್ಟಲೆ ನಡೆಯುವ ವಸತಿ ಆರೈಕೆಗಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆ ತಂದೆ ತಾಯಿಯನ್ನು ತೊರೆದವರಿಗೆ ಮೂರು ತಿಂಗಳವರೆಗೆ ಜೈಲು ಎನ್ನುತ್ತದೆ, ಜಿಲ್ಲೆಗೊಂದು ವೃದ್ಧಾಶ್ರಮ ತೆರೆಯಬಹುದು ಎಂದೂ ಹೇಳುತ್ತದೆ. ತಮ್ಮ ಕೆಲಸ ತಾವು ಮಾಡಿಕೊಳ್ಳಲಾರದವರನ್ನು ಸಾಮಾನ್ಯ ವೃದ್ಧಾಶ್ರಮಗಳು ಸೇರಿಸಿಕೊಳ್ಳಲು ಹಿಂಜರಿಯುತ್ತವೆ ಎಂಬುದು ಅಲೆದವರಿಗೆಲ್ಲ ಗೊತ್ತು. ಜರ್ಮನಿ 1995ರಲ್ಲಿ, ಜಪಾನ್ 2000ದಲ್ಲಿ ದೀರ್ಘಕಾಲದ ಆರೈಕೆಗೆಂದೇ ಸಾರ್ವಜನಿಕ ವಿಮೆ ಶುರುಮಾಡಿದವು. ನೆರೆಯ ಕೇರಳದ ಸರ್ಕಾರ ಅಲ್ಜೈಮರ್ಸ್ ಸಂಘದ ಜತೆಗೂಡಿ 'ಸ್ಮೃತಿಪಥಂ' ಯೋಜನೆಯಡಿ ಹಗಲು ಕೇಂದ್ರ, ವಸತಿ ಕೇಂದ್ರಗಳನ್ನು ಕಳೆದ ದಶಕದಲ್ಲೇ ತೆರೆಯಿತು. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಕಟ್ಟಿದಂಥ ಕೇಂದ್ರಗಳು ನಮ್ಮಲ್ಲೂ ಇವೆ, ಆದರೆ ಇಂಥ ಸೌಲಭ್ಯ ಬಹುಪಾಲು ರಾಜಧಾನಿಗೆ ಸೀಮಿತ. ಬೀದರಿನಲ್ಲೋ ಚಾಮರಾಜನಗರದಲ್ಲೋ ಇರುವವರು ಅಪ್ಪನನ್ನು ಬೆಂಗಳೂರಿಗೆ ಸೇರಿಸಿದರೆ ವಾರಕ್ಕೊಮ್ಮೆ ನೋಡಿಬರುವುದು ಆಗದ ಮಾತು.

ಹಾಗಾಗಿ ಸರ್ಕಾರದಿಂದ ನಾನು ಬಯಸುವುದು ದೊಡ್ಡ ಕಟ್ಟಡಗಳನ್ನಲ್ಲ. ನಿಮ್ಹಾನ್ಸ್ ಜತೆಗೂಡಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮದಿಂದ ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಕಾಯಿಲೆ ಪತ್ತೆಮಾಡುವ ಕ್ಲಿನಿಕ್‌ಗಳು ಬರುತ್ತಿವೆ. ಪತ್ತೆಯ ಮುಂದಿನ ಹೆಜ್ಜೆಯೂ ಅಲ್ಲೇ ಇರಲಿ. ಜಿಲ್ಲೆಗೊಂದು ಹಗಲು ಕೇಂದ್ರ, ಮನೆಯವರಿಗೆ ವರ್ಷದಲ್ಲಿ ಕೆಲವು ವಾರ ಬಿಡುವು ಸಿಗುವಂತೆ ಹಿರಿಯರನ್ನು ತಾತ್ಕಾಲಿಕವಾಗಿ ಇರಿಸಿಕೊಳ್ಳುವ ನಾಲ್ಕೈದು ಹಾಸಿಗೆ, ಆಶಾ ಕಾರ್ಯಕರ್ತೆಯರಿಗೂ ಹೋಮ್ ನರ್ಸ್‌ಗಳಿಗೂ ತರಬೇತಿ ಇಷ್ಟು ಮೊದಲು ಆಗಲಿ. ಖಾಸಗಿ ಕೇಂದ್ರಗಳ ನೋಂದಣಿಗೆ ಒಂದು ಷರತ್ತು ಸೇರಲಿ: ಹಗಲು ಪಾಳಿಯಲ್ಲಿ ಎಷ್ಟು ಜನ, ರಾತ್ರಿ ಪಾಳಿಯಲ್ಲಿ ಎಷ್ಟು ಜನ, ಕಳೆದ ತಿಂಗಳು ಬಿದ್ದು ಗಾಯಗೊಂಡವರೆಷ್ಟು, ಆ್ಯಂಟಿಸೈಕೋಟಿಕ್ ಪಡೆಯುತ್ತಿರುವವರೆಷ್ಟು ಎಂಬುದನ್ನು ಕನ್ನಡದಲ್ಲಿ ಬರೆದು ಬಾಗಿಲ ಬಳಿಯ ಫಲಕದಲ್ಲಿ ಹಾಕಬೇಕು. ಇದಕ್ಕೆ ಹೊಸ ಅನುದಾನ ಬೇಕಾಗಿಲ್ಲ, ಒಂದು ಸರ್ಕಾರಿ ಆದೇಶ ಮತ್ತು ವರ್ಷಕ್ಕೆರಡು ಬಾರಿ ಹೇಳದೆ ಹೋಗಿ ಆ ಅಂಕಿಗಳನ್ನು ತಾಳೆ ನೋಡುವ ಅಧಿಕಾರಿ ಸಾಕು.